ಅಂಗಡಿ ಕಂಪ್ಯೂಟರ್‌ನ ಬೀಗದ ಕೈ ಯಾರ ಹತ್ರ ಇದೆ?

ಚಿಕ್ಕಬಳ್ಳಾಪುರ: ಶಟರ್‌ಗೆ ಎರಡು ಬೀಗ, ಗಲ್ಲಾಪೆಟ್ಟಿಗೆಗೆ ಒಂದು, ಮೂಲೆಯಲ್ಲೊಂದು ಸಿಸಿಟಿವಿ. ಅಂಗಡಿ ಭದ್ರತೆ ಅಂದರೆ ಜಿಲ್ಲೆಯ ಬಹುತೇಕ ವ್ಯಾಪಾರಿಗಳಿಗೆ ಇಷ್ಟೇ. ಆದರೆ ಸಾಲದ ಲೆಕ್ಕ, ಸ್ಟಾಕ್, ಜಿಎಸ್‌ಟಿ ಬಿಲ್ಲು ಎಲ್ಲವನ್ನೂ ತುಂಬಿಕೊಂಡಿರುವ ಕಂಪ್ಯೂಟರ್‌ನ ಬೀಗದ ಕೈ ಎಷ್ಟೋ ಅಂಗಡಿಗಳಲ್ಲಿ ಮಾಲೀಕರ ಹತ್ತಿರ ಇಲ್ಲ. ಅದು ಇನ್ಯಾವುದೋ ಊರಿನಲ್ಲಿ, ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟವರ ಲ್ಯಾಪ್‌ಟಾಪ್‌ನಲ್ಲಿದೆ.

'ಅಣ್ಣಾ, ಎನಿಡೆಸ್ಕ್ ಆನ್ ಮಾಡಿ, ನಂಬರ್ ಹೇಳಿ' ಅನ್ನೋ ಮಾತು ಈಗ ಬಿ.ಬಿ. ರಸ್ತೆಯಿಂದ ಹಿಡಿದು ಶಿಡ್ಲಘಟ್ಟದ ಟಿ.ಬಿ. ರಸ್ತೆವರೆಗೆ ಎಲ್ಲರಿಗೂ ರೂಢಿ. ನಂಬರ್ ಹೇಳಿದ ಮರುಕ್ಷಣ ಮೌಸ್ ತಾನಾಗೇ ಓಡಾಡುತ್ತೆ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತೆ. ಆಮೇಲೆ ಏನಾಗುತ್ತೆ ಅನ್ನೋದನ್ನ ಯಾರೂ ಕೇಳಲ್ಲ. ಆ ಬಾಗಿಲು ಮುಚ್ಚಿತಾ? ಇಲ್ಲ, ರಾತ್ರಿಯಿಡೀ ತೆರೆದೇ ಇದೆಯಾ? ಈಗ ಕೇಳಲೇಬೇಕಾದ ಪ್ರಶ್ನೆ ಇದು.

ದೂರದ ರಿಪೇರಿ ಯಾಕೆ ಬೇಕಾಯ್ತು

ದೂರದಿಂದ ಕಂಪ್ಯೂಟರ್ ಸರಿ ಮಾಡೋದನ್ನು ತಪ್ಪು ಅನ್ನೋಕೆ ಆಗಲ್ಲ. ಚಿಂತಾಮಣಿ, ಗೌರಿಬಿದನೂರು ಎರಡೂ ಬೆಂಗಳೂರಿನಿಂದ ಹೆಚ್ಚುಕಡಿಮೆ 75 ಕಿ.ಮೀ. ದೂರ. ಒಂದು ಪ್ರಿಂಟರ್ ಸೆಟ್ಟಿಂಗ್‌ಗೆ ಬೆಂಗಳೂರಿನಿಂದ ಆಳು ಬಂದು ಹೋದರೆ ಅವನ ಒಂದು ದಿನ ಹಾಳು, ಅಂಗಡಿಯವನ ದುಡ್ಡೂ ಹಾಳು.

ಅದಕ್ಕಿಂತ ಮುಖ್ಯವಾದ ಕಾರಣ ಜಿಲ್ಲೆಯ ವ್ಯಾಪಾರದ ಸ್ವಭಾವ. ಇಲ್ಲಿನ ಸರಕು ಕಾಯೋದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡು ಕಾದರೆ ಚಿಟ್ಟೆ ಹೊರಗೆ ಬಂದು ಗೂಡೇ ತೂತು. ಚಿಂತಾಮಣಿ ಮಂಡಿಯ ಟೊಮೆಟೊ, ಚಿಕ್ಕಬಳ್ಳಾಪುರದ ಹೂವು ಬೆಳಗ್ಗೆಯ ರೇಟಿಗೆ ಸಂಜೆ ಹೋಗಲ್ಲ. ಗೌರಿಬಿದನೂರಿನ ವ್ಯಾಪಾರಿ ಗಡಿಯಾಚೆ ಹಿಂದೂಪುರಕ್ಕೆ ಸರಕು ಕಳಿಸಿದರೆ ಅದು ಅಂತರರಾಜ್ಯ ವ್ಯಾಪಾರ. ಐಜಿಎಸ್‌ಟಿ ಬಿಲ್ಲು ಬೇಕು, 50 ಸಾವಿರ ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಅದು ಆಗೋವರೆಗೂ ಲೋಡಾದ ಗಾಡಿ ನಿಂತಲ್ಲೇ ನಿಂತಿರುತ್ತೆ.

ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಇ-ಹರಾಜಾದ ಮೇಲೆ, ಪಡಿತರ ಅಂಗಡಿಯಲ್ಲಿ ಬೆರಳಚ್ಚಿನ ಯಂತ್ರ ಬಂದ ಮೇಲೆ 'ಸರ್ವರ್ ಇಲ್ಲ' ಅನ್ನೋ ಎರಡು ಪದದ ಬೆಲೆ ಏನು ಅಂತ ರೈತರಿಗೂ ಗೊತ್ತು, ಕಾರ್ಡುದಾರರಿಗೂ ಗೊತ್ತು. ಅದೇ ಪರಿಸ್ಥಿತಿ ಈಗ ಖಾಸಗಿ ಅಂಗಡಿಗಳಿಗೂ ಬಂದಿದೆ.

2025ರ ಸೆಪ್ಟೆಂಬರ್ 22 ಇದಕ್ಕೆ ಒಳ್ಳೆ ಉದಾಹರಣೆ. ಜಿಎಸ್‌ಟಿಯ ಶೇ 12 ಮತ್ತು ಶೇ 28ರ ಹಂತಗಳು ಬಹುಪಾಲು ಹೋಗಿ, ಶೇ 5 ಮತ್ತು ಶೇ 18 ಮುಖ್ಯ ದರಗಳಾಗಿ ನಿಂತ ದಿನ ಅದು. ನವರಾತ್ರಿಯ ಮೊದಲ ದಿನವೂ ಹೌದು. ದೇಶದ ಪ್ರತಿ ಬಿಲ್ಲಿಂಗ್ ಕಂಪ್ಯೂಟರ್‌ನಲ್ಲೂ ಸಾವಿರಾರು ಐಟಂಗಳ ದರ ಒಂದೇ ರಾತ್ರಿಯಲ್ಲಿ ಬದಲಾಗಬೇಕಿತ್ತು. ಪ್ರತಿ ಅಂಗಡಿಗೂ ಆಳು ಬಂದು ಕೂತು ಇದನ್ನು ಮಾಡೋದು ಆಗದ ಮಾತು. ದೂರದಿಂದ ನಡೆಯೋ ಕೆಲಸ ಇನ್ನು ಮುಂದೆ ಇರುತ್ತೆ, ಹೆಚ್ಚಾಗುತ್ತೆ. ಅದು ಬೇಕೋ ಬೇಡವೋ ಅನ್ನೋ ಚರ್ಚೆ ಮುಗಿದಿದೆ. ಅದನ್ನು ಯಾವ ಷರತ್ತಿನ ಮೇಲೆ ಒಳಗೆ ಬಿಡಬೇಕು ಅನ್ನೋದು ಮಾತ್ರ ಉಳಿದಿದೆ.

ಕರೆದಾಗ ಬರೋದು ಬೇರೆ, ಸದಾ ಕಾಯೋದು ಬೇರೆ

ದೂರದ ಸೇವೆಯಲ್ಲಿ ಎರಡು ಬಗೆ ಇದೆ. ಇವೆರಡನ್ನೂ ಒಂದೇ ಅಂದುಕೊಳ್ಳೋದರಿಂದಲೇ ಗೊಂದಲ ಶುರುವಾಗುತ್ತೆ.

ಮೊದಲನೆಯದು ಕರೆದಾಗ ಬರೋದು. ತೊಂದರೆ ಆದಾಗ ಫೋನ್ ಮಾಡ್ತಾರೆ, ಮಾಲೀಕ ಪರದೆ ಮೇಲೆ 'ಒಪ್ಪಿಗೆ' ಒತ್ತುತ್ತಾನೆ, ತಂತ್ರಜ್ಞ ಒಳಗೆ ಬಂದು ಕೆಲಸ ಮುಗಿಸಿ ಹೋಗುತ್ತಾನೆ. ಮನೆಗೆ ಬಂದ ನೆಂಟ ಬಾಗಿಲು ತಟ್ಟಿದ ಹಾಗೆ.

ಎರಡನೆಯದು ಸದಾ ಕಾವಲು. ಇದರಲ್ಲಿ ಕಂಪ್ಯೂಟರ್‌ನೊಳಗೆ ಏಜೆಂಟ್ ಅನ್ನೋ ಒಂದು ಸಣ್ಣ ಪ್ರೋಗ್ರಾಂ ಕೂತಿರುತ್ತೆ. ಹಾರ್ಡ್‌ಡಿಸ್ಕ್ ತುಂಬ್ತಾ ಬಂದಿದೆಯಾ, ಹಾಳಾಗೋ ಸೂಚನೆ ಕೊಡ್ತಿದೆಯಾ, ಆಂಟಿವೈರಸ್ ನಡೀತಿದೆಯಾ, ನಿನ್ನೆ ರಾತ್ರಿಯ ಬ್ಯಾಕಪ್ ಆಯ್ತಾ ಅಂತ ಅದು ತಂತ್ರಜ್ಞನಿಗೆ ವರದಿ ಕಳಿಸ್ತಾ ಇರುತ್ತೆ. ವಿಂಡೋಸ್‌ನ ಅಪ್‌ಡೇಟ್‌ಗಳನ್ನು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಾಕುತ್ತೆ. ಒಬ್ಬ ತಂತ್ರಜ್ಞ ಒಂದೇ ಪರದೆಯಲ್ಲಿ ನೂರಾರು ಅಂಗಡಿಗಳ ಕಂಪ್ಯೂಟರ್ ನೋಡಬಹುದು. ತಿಂಗಳಿಗೆ ಕಂಪ್ಯೂಟರ್‌ಗೆ ಇಷ್ಟು ಅಂತ ಲೆಕ್ಕ. ದೊಡ್ಡ ಕಂಪನಿಗಳಲ್ಲಿ ಈ ಪದ್ಧತಿ ವರ್ಷಗಳಿಂದ ಇದೆ.

ಸರಿಯಾಗಿ ಮಾಡಿದರೆ ಎರಡನೆಯದೇ ಒಳ್ಳೆಯದು. ಡಿಸ್ಕ್ ಸತ್ತ ಮೇಲೆ ಡಾಟಾ ತೆಗೆಸೋದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಓಡೋದಕ್ಕಿಂತ, ಸಾಯೋ ಮೊದಲೇ ಬದಲಿಸೋದು ಅಗ್ಗ.

ಆದರೆ ಎಷ್ಟೋ ಕಡೆ ಆಗಿರೋದು ಇವೆರಡರ ಕಲಬೆರಕೆ. ಕರೆದಾಗ ಬರೋ ಸಾಫ್ಟ್‌ವೇರನ್ನೇ ಹಾಕಿ, ಪದೇ ಪದೇ ಫೋನ್ ಮಾಡೋ ತೊಂದರೆ ಬೇಡ ಅಂತ ಒಂದು ಕಾಯಂ ಪಾಸ್‌ವರ್ಡ್ ಇಟ್ಟು ಹೋಗಿರ್ತಾರೆ. ಆಗ ಮಾಲೀಕ 'ಒಪ್ಪಿಗೆ' ಒತ್ತಬೇಕಾಗಿಲ್ಲ. ಪಾಸ್‌ವರ್ಡ್ ಗೊತ್ತಿರೋರು ಯಾವಾಗ ಬೇಕಾದರೂ ಒಳಗೆ ಬರಬಹುದು. ಅಂದರೆ ಬಾಗಿಲು ಸದಾ ತೆರೆದಿದೆ, ಕಾವಲು ಮಾತ್ರ ಇಲ್ಲ. ಬ್ಯಾಕಪ್ ಆಗಿದೆಯಾ ಅಂತ ಯಾರೂ ನೋಡ್ತಿಲ್ಲ. ಎಲ್ಲಾ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದರಂತೂ ಒಂದು ಅಂಗಡಿಯ ಬೀಗದ ಕೈ ಸಿಕ್ಕವನಿಗೆ ಇಡೀ ಬೀದಿಯ ಬಾಗಿಲು ತೆರೆದ ಹಾಗೆ.

ಇದೇ ಕಥೆ ಸಿಸಿಟಿವಿಗೂ. ಅಳವಡಿಸಿದವರು ಇಟ್ಟ ಪಾಸ್‌ವರ್ಡನ್ನು ಬದಲಿಸದೆ ಹಾಗೇ ಬಿಟ್ಟರೆ, ಮಾಲೀಕ ಮೊಬೈಲ್‌ನಲ್ಲಿ ನೋಡೋದನ್ನ ಬೇರೆಯವರೂ ನೋಡಬಹುದು. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದಿದ್ದನ್ನು ದೇಶವೇ ನೋಡಿದೆ.

ತಪ್ಪು ಒಬ್ಬರದು, ಶಟರ್ ಎಳೆದವರು 800 ಅಂಗಡಿಯವರು

'ಸಣ್ಣ ಅಂಗಡಿ, ನಮ್ಮನ್ನ ಯಾರು ಹ್ಯಾಕ್ ಮಾಡ್ತಾರೆ' ಅನ್ನೋದು ಸಾಮಾನ್ಯ ಉತ್ತರ. ನಿಜ, ಯಾರೂ ಚಿಂತಾಮಣಿಯ ಕಿರಾಣಿ ಅಂಗಡಿಯನ್ನು ಹುಡುಕಿಕೊಂಡು ಬರಲ್ಲ. ಅವರು ಹುಡುಕೋದು ನೂರಾರು ಅಂಗಡಿಗಳ ಕೈಗಳ ಗೊಂಚಲು ಇಟ್ಟುಕೊಂಡಿರೋನನ್ನ.

2021ರ ಜುಲೈ 2ರಂದು ಆಗಿದ್ದು ಇದೇ. ಅಮೆರಿಕದ ಕಸೇಯಾ ಕಂಪನಿಯ ದೂರನಿರ್ವಹಣೆ ಸಾಫ್ಟ್‌ವೇರ್‌ನಲ್ಲಿದ್ದ ಲೋಪವನ್ನು ಬಳಸಿ ಕಳ್ಳರ ಗುಂಪೊಂದು ಒಳನುಗ್ಗಿತು. ನೇರವಾಗಿ ಪೆಟ್ಟು ತಿಂದ ಕಂಪನಿಯ ಗಿರಾಕಿಗಳು ಸುಮಾರು 60. ಆದರೆ ಅವರಲ್ಲಿ ಹಲವರು ಬೇರೆಯವರ ಕಂಪ್ಯೂಟರ್ ನೋಡಿಕೊಳ್ಳೋರು. ಹಾಗಾಗಿ ಕೊನೆಗೆ ಬೀಗ ಬಿದ್ದಿದ್ದು ಸುಮಾರು 1,500 ಸಣ್ಣಪುಟ್ಟ ಉದ್ಯಮಗಳ ಫೈಲುಗಳಿಗೆ. ಬಿಡಿಸಿಕೊಡಲು ಕಳ್ಳರು ಕೇಳಿದ್ದು 7 ಕೋಟಿ ಡಾಲರ್.

ಸ್ವೀಡನ್ ದೇಶದ ಕೋ-ಆಪ್ ದಿನಸಿ ಅಂಗಡಿಗಳ ಕಥೆ ಇದರಲ್ಲಿ ಗಮನಿಸಬೇಕಾದ್ದು. ಆ ಅಂಗಡಿಗಳು ಕಸೇಯಾದ ಗಿರಾಕಿಯೇ ಅಲ್ಲ. ಅವರ ಬಿಲ್ಲಿಂಗ್ ಕೌಂಟರ್ ನೋಡಿಕೊಳ್ತಿದ್ದ ಸಂಸ್ಥೆ ಆ ಸಾಫ್ಟ್‌ವೇರ್ ಬಳಸ್ತಿತ್ತು, ಅಷ್ಟೇ. ಕೌಂಟರ್ ನಿಂತುಹೋಗಿ ಸುಮಾರು 800 ಅಂಗಡಿಗಳು ಶಟರ್ ಎಳೆಯಬೇಕಾಯ್ತು. ಹಾಲು, ಬ್ರೆಡ್ಡು ಒಳಗಿತ್ತು, ಗಿರಾಕಿ ಹೊರಗಿದ್ದ, ಬಿಲ್ ಹಾಕೋಕೆ ಆಗ್ತಿರಲಿಲ್ಲ.

ದೇಶದೊಳಗೂ ಇಂಥದ್ದು ಆಗಿದೆ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಸಿ-ಎಡ್ಜ್ ಸಂಸ್ಥೆಯ ಮೇಲೆ ಇದೇ ತರದ ದಾಳಿ ಆಯ್ತು. ಸೋಂಕು ಹರಡದಿರಲಿ ಅಂತ ರಾಷ್ಟ್ರೀಯ ಪಾವತಿ ನಿಗಮ ಜುಲೈ 31ರಂದು ಆ ಸಂಸ್ಥೆಯ ಸಂಪರ್ಕವನ್ನೇ ಕಡಿಯಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗಿರಾಕಿಗಳಿಗೆ ಯುಪಿಐ, ಎಟಿಎಂ ಸೇವೆ ನಿಂತುಹೋಯ್ತು. ಬ್ಯಾಂಕುಗಳ ತಪ್ಪು ಏನೂ ಇರಲಿಲ್ಲ. ಸೇವೆ ಕೊಡೋನ ಮನೆಗೆ ಕಳ್ಳ ನುಗ್ಗಿದ್ದ.

ಮೂರನೇ ಘಟನೆಯಲ್ಲಿ ಕಳ್ಳನೇ ಇಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ದೂರದಿಂದ ಕಳಿಸಿದ ಒಂದು ತಪ್ಪು ಅಪ್‌ಡೇಟ್‌ನಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಕೆಟ್ಟಿದ್ದು ದೂರದಿಂದ, ಆದರೆ ಸರಿ ಮಾಡೋಕೆ ಬಹುಪಾಲು ಕಡೆ ಒಂದೊಂದು ಕಂಪ್ಯೂಟರ್ ಮುಂದೆಯೂ ಒಬ್ಬ ಮನುಷ್ಯ ಹೋಗಿ ಕೂರಬೇಕಾಯ್ತು. ಎಲ್ಲಾ ದೂರದಿಂದಲೇ ಆಗುತ್ತೆ ಅಂತ ಊರಿನ ರಿಪೇರಿ ಅಂಗಡಿಯವನನ್ನು ಕೈಬಿಟ್ಟರೆ, ಇಂಥ ದಿನ ಬರೋರು ಯಾರೂ ಇರಲ್ಲ.

ಸುಳ್ಳು ತಂತ್ರಜ್ಞನ ಕೈಚಳಕ

ದೂರದ ರಿಪೇರಿ ರೂಢಿಯಾಗಿರೋದೇ ವಂಚಕರಿಗೆ ಬಂಡವಾಳ. ಮೊಬೈಲ್‌ಗೆ ಎನಿಡೆಸ್ಕ್ ಹಾಕಿಸಿ ಯುಪಿಐ ಮೂಲಕ ಹಣ ಲಪಟಾಯಿಸೋರ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ವಿಧಾನ ಇಂದಿಗೂ ಅದೇ. 'ನಿಮ್ಮ ಕ್ಯೂಆರ್ ಬ್ಲಾಕ್ ಆಗಿದೆ', 'ಸೌಂಡ್ ಬಾಕ್ಸ್ ಅಪ್‌ಡೇಟ್ ಮಾಡಬೇಕು', 'ಜಿಎಸ್‌ಟಿ ರೀಫಂಡ್ ಬಂದಿದೆ' ಅಂತ ಫೋನ್ ಬರುತ್ತೆ. ಕನ್ನಡದಲ್ಲೋ ತೆಲುಗಿನಲ್ಲೋ ನಯವಾಗಿ ಮಾತಾಡಿ ಆ್ಯಪ್ ಹಾಕಿಸ್ತಾರೆ. ಆಮೇಲೆ ಪರದೆ ಮೇಲಿನ ಒಟಿಪಿ ಅವರಿಗೂ ಕಾಣುತ್ತೆ.

ಆ್ಯಪ್ ಕಳ್ಳಮಾಲಲ್ಲ, ಅಸಲಿಯೇ. ಅದಕ್ಕೇ ಆಂಟಿವೈರಸ್ ಅದನ್ನು ಹಿಡಿಯದೇ ಇರಬಹುದು. ಫೋನ್ ಮಾಡಿದವನು ಮಾತ್ರ ನಕಲಿ. ಹಾಗಾಗಿ ನಿಯಮ ಒಂದೇ: ತೊಂದರೆ ಇದೆ ಅಂತ ಅಂಗಡಿಯವರೇ ಫೋನ್ ಮಾಡಿದಾಗ ಮಾತ್ರ ಬಾಗಿಲು ತೆಗೀಬೇಕು. ಅವರಾಗೇ ಫೋನ್ ಮಾಡಿ ಬಾಗಿಲು ತೆಗಿ ಅಂದರೆ ಕಟ್ ಮಾಡಬೇಕು. ಹಣ ಹೋಗಿಯೇ ಬಿಟ್ಟರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಒಂದೆರಡು ಗಂಟೆಯಲ್ಲಿ ದೂರು ಕೊಟ್ಟರೆ ಹಣ ತಡೆಹಿಡಿಯೋ ಅವಕಾಶ ಜಾಸ್ತಿ.

ಲೆಕ್ಕ ಕಳೆದುಕೊಂಡರೆ ವಾದವೂ ಹೋಯ್ತು

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಯಾರೂ ಮರೆತಿಲ್ಲ. ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದವರು ಎಷ್ಟೋ ಮಂದಿ. ಮುಖ್ಯಮಂತ್ರಿ ಸಭೆ ಕರೆದು ಹಳೇ ಬಾಕಿ ವಸೂಲಿ ಇಲ್ಲ ಅಂದ ಮೇಲೆ ಗಲಾಟೆ ತಣ್ಣಗಾಯ್ತು.

ಆದರೆ ಆ ಗಲಾಟೆ ಒಂದು ಪಾಠ ಬಿಟ್ಟು ಹೋಯ್ತು. ಹಾಲು, ಹೂವು, ತರಕಾರಿಗೆ ತೆರಿಗೆ ಇಲ್ಲ. ಖಾತೆಗೆ ಬಂದ ಹಣದಲ್ಲಿ ಎಷ್ಟು ತೆರಿಗೆ ಇಲ್ಲದ ಸರಕಿನದು, ಎಷ್ಟು ಕೈಸಾಲದ್ದು ಅಂತ ತೋರಿಸೋಕೆ ಲೆಕ್ಕ ಬೇಕು. ಲೆಕ್ಕ ಇರೋದು ಕಂಪ್ಯೂಟರ್‌ನಲ್ಲಿ. ಕಂಪ್ಯೂಟರ್ ಸತ್ತರೆ ವ್ಯಾಪಾರಿಯ ವಾದವೂ ಸತ್ತ ಹಾಗೆ.

ಕಾನೂನು ಕೂಡ ಇದನ್ನೇ ಹೇಳುತ್ತೆ. ಜಿಎಸ್‌ಟಿ ನೋಂದಣಿ ಇರೋರು ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆ ದಿನದಿಂದ 72 ತಿಂಗಳು ಲೆಕ್ಕ ಇಟ್ಟುಕೊಳ್ಳಬೇಕು. ಕಂಪ್ಯೂಟರ್‌ನಲ್ಲಿ ಲೆಕ್ಕ ಇಟ್ಟರೆ, ಅಪಘಾತವಾಗಿ ಹಾಳಾದರೂ ಮತ್ತೆ ತೆಗೆಯೋ ಹಾಗೆ ಬ್ಯಾಕಪ್ ಇರಬೇಕು ಅಂತ ಕೇಂದ್ರ ಜಿಎಸ್‌ಟಿ ನಿಯಮ 57 ಸ್ಪಷ್ಟವಾಗಿ ಹೇಳುತ್ತೆ. ಬ್ಯಾಕಪ್ ಇಟ್ಟುಕೊಳ್ಳೋ ಹೊಣೆ ವ್ಯಾಪಾರಿಯದು. ಸಾಫ್ಟ್‌ವೇರ್ ಹುಡುಗನ ಮೇಲೆ ಹಾಕೋಕೆ ಬರಲ್ಲ.

ಗಿರಾಕಿಗಳ ಮಾಹಿತಿಯ ವಿಚಾರವೂ ಹೀಗೇ. ಮೆಡಿಕಲ್ ಸ್ಟೋರ್, ಲ್ಯಾಬ್, ಚಿನ್ನದ ಅಂಗಡಿ, ಫೈನಾನ್ಸ್‌ನವರ ಹತ್ತಿರ ಜನರ ಫೋನ್ ನಂಬರು, ಕಾಯಿಲೆ, ಅಡವಿನ ವಿವರ ಎಲ್ಲಾ ಇರುತ್ತೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಭಾಗಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಮಾಹಿತಿಯನ್ನು ನೋಡಿಕೊಳ್ಳೋಕೆ ಬೇರೆಯವರನ್ನು ಇಟ್ಟುಕೊಂಡಿದ್ದರೂ, ಸೋರಿದರೆ ಉತ್ತರ ಕೊಡಬೇಕಾದವರು ಅದನ್ನು ಗಿರಾಕಿಯಿಂದ ಪಡೆದವರೇ ಅನ್ನೋದು ಕಾಯ್ದೆಯ ತಿರುಳು.

ಇದರ ಮೇಲೆ ಹಳೇ ವಿಂಡೋಸ್‌ನ ಸಮಸ್ಯೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಯೋಜನೆಗೆ ಸೇರಿಕೊಂಡ ವೈಯಕ್ತಿಕ ಬಳಕೆಯ ಕಂಪ್ಯೂಟರ್‌ಗಳಿಗೆ ಒಂದು ವರ್ಷ ಜಾಸ್ತಿ ಸಿಕ್ಕಿದೆ, ಅಷ್ಟೇ. ಹಳೇ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಹಿಡಿಸಲ್ಲ. ಅಪ್‌ಡೇಟ್ ಇಲ್ಲದ ವಿಂಡೋಸ್, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಅದರ ಮೇಲೆ ಸದಾ ತೆರೆದ ದೂರದ ಬಾಗಿಲು ಮೂರೂ ಸೇರಿದರೆ ಕಳ್ಳನಿಗೆ ಕೆಲಸವೇ ಉಳಿಯಲ್ಲ.

ತಂತ್ರಜ್ಞನಿಗೂ ಕಾಗದ ಬೇಕು

ಇದರಲ್ಲಿ ಊರಿನ ಕಂಪ್ಯೂಟರ್ ಹುಡುಗರನ್ನು ಕಳ್ಳರ ಸಾಲಿಗೆ ಸೇರಿಸೋ ಅಗತ್ಯ ಇಲ್ಲ. ಹಲವರು ದುಡಿಯೋದೇ ವರ್ಷಕ್ಕೊಮ್ಮೆ ಸಿಗೋ ರಿನೀವಲ್ ದುಡ್ಡಿಗೆ. ಉಳಿದಂತೆ ಭಾನುವಾರವೂ ಫೋನ್ ಎತ್ತಬೇಕು, ಅದಕ್ಕೆ ಪುಕ್ಕಟೆ ಸೇವೆ ಅನ್ನೋ ಹೆಸರು. ಪುಕ್ಕಟೆ ಸೇವೆಯಲ್ಲಿ ಹೊಣೆ ಕೇಳೋಕೆ ಆಗಲ್ಲ. ತೊಂದರೆಯ ಬೇರು ಇಲ್ಲೇ ಇದೆ. ತಿಂಗಳಿಗೆ ಇಷ್ಟು ಅಂತ ಕೊಟ್ಟು, ಪ್ರತಿಯಾಗಿ ಇಂತಿಂಥ ಕೆಲಸ ಅಂತ ಬರೆಸಿಕೊಂಡರೆ ಮಾತ್ರ ಕೇಳೋಕೆ ಬಾಯಿ ಇರುತ್ತೆ.

ಕಾಗದ ಹುಡುಗರಿಗೂ ರಕ್ಷಣೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43ರ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್‌ಗೆ ಪ್ರವೇಶಿಸೋದೇ ತಪ್ಪು. ಅದು ಮೋಸದ ಉದ್ದೇಶದಿಂದ ಆಗಿದ್ದರೆ ಸೆಕ್ಷನ್ 66ರಡಿ ಮೂರು ವರ್ಷದವರೆಗೆ ಜೈಲು. ನಾಳೆ ಅಂಗಡಿಯ ಲೆಕ್ಕದಲ್ಲಿ ಏನಾದರೂ ಏರುಪೇರಾದರೆ ಮೊದಲು ಬೆರಳು ತೋರಿಸೋದು ಪಾಸ್‌ವರ್ಡ್ ಇದ್ದವನ ಕಡೆಗೇ. ಯಾವ ದಿನ, ಯಾಕೆ ಒಳಗೆ ಬಂದೆ ಅಂತ ತೋರಿಸೋ ದಾಖಲೆ ಅವನನ್ನು ಕಾಪಾಡುತ್ತೆ.

ಈ ವಾರವೇ ಮಾಡಬಹುದಾದ್ದು

ವ್ಯಾಪಾರಿಗಳು ತಮ್ಮ ಸಾಫ್ಟ್‌ವೇರ್ ಅಥವಾ ಹಾರ್ಡ್‌ವೇರ್‌ನವರಿಗೆ ಫೋನ್ ಮಾಡಿ ಕೇಳಬೇಕಾದ್ದು ಇಷ್ಟು:

* ಕಂಪ್ಯೂಟರ್‌ನಲ್ಲಿ ದೂರದಿಂದ ಪ್ರವೇಶಿಸೋ ಯಾವ್ಯಾವ ಸಾಫ್ಟ್‌ವೇರ್ ಇದೆ? ಹಳೇ ತಂತ್ರಜ್ಞರು ಹಾಕಿದ್ದು, ಈಗ ಬೇಡವಾದದ್ದು ತೆಗೀಬೇಕು.

* ಕಾಯಂ ಪಾಸ್‌ವರ್ಡ್ ಇದೆಯಾ? ಇದ್ದರೆ ಈ ಅಂಗಡಿಗೇ ಬೇರೆ ಪಾಸ್‌ವರ್ಡ್ ಇದೆಯಾ, ಜತೆಗೆ ಮೊಬೈಲ್‌ಗೆ ಬರೋ ಎರಡನೇ ಸಂಖ್ಯೆಯ ತಪಾಸಣೆ ಇದೆಯಾ? ಇಲ್ಲದಿದ್ದರೆ ಕಾಯಂ ಪಾಸ್‌ವರ್ಡ್ ತೆಗೆಸಿ, ಪ್ರತಿಸಲ 'ಒಪ್ಪಿಗೆ' ಒತ್ತೋ ಪದ್ಧತಿಗೆ ಹೋಗೋದು ಒಳ್ಳೆಯದು.

* ಕಂಪ್ಯೂಟರ್, ಸಿಸಿಟಿವಿ, ವೈಫೈ ಮೂರರ ಮುಖ್ಯ ಪಾಸ್‌ವರ್ಡ್ ಮಾಲೀಕರ ಹತ್ತಿರ ಬರೆದಿಟ್ಟಿದೆಯಾ? ಆ ಹುಡುಗ ಕೆಲಸ ಬಿಟ್ಟು ಹೋದ ದಿನವೇ ಬದಲಾಗುತ್ತಾ?

* ಬ್ಯಾಕಪ್ ಎಲ್ಲಿ ಹೋಗ್ತಿದೆ? ಸದಾ ಚುಚ್ಚಿಕೊಂಡೇ ಇರೋ ಪೆನ್‌ಡ್ರೈವ್ ಬ್ಯಾಕಪ್ ಅಲ್ಲ. ಫೈಲಿಗೆ ಬೀಗ ಹಾಕೋ ವೈರಸ್ ಅದಕ್ಕೂ ಹಾಕುತ್ತೆ. ಒಂದು ಪ್ರತಿ ಕಂಪ್ಯೂಟರ್‌ನಲ್ಲಿ, ಒಂದು ಬಿಚ್ಚಿಟ್ಟ ಡ್ರೈವ್‌ನಲ್ಲಿ, ಒಂದು ಅಂಗಡಿಯ ಹೊರಗೆ ಇರಬೇಕು.

* ಆ ಬ್ಯಾಕಪ್‌ನಿಂದ ಲೆಕ್ಕ ವಾಪಸ್ ಬರುತ್ತಾ ಅಂತ ಕೊನೆಯ ಸಲ ನೋಡಿದ್ದು ಯಾವಾಗ? ತೆಗೆದು ನೋಡದ ಬ್ಯಾಕಪ್ ಎಣಿಸದ ಗಲ್ಲಾಪೆಟ್ಟಿಗೆ ಇದ್ದ ಹಾಗೆ.

* ದೂರದ ಸಂಪರ್ಕವೇ ಇಲ್ಲದ ದಿನ ಎಷ್ಟು ಹೊತ್ತಿಗೆ ಆಳು ಬರ್ತಾರೆ? ಅಲ್ಲಿವರೆಗೆ ಬಿಲ್ ಬರೆಯೋಕೆ ಕ್ರಮಸಂಖ್ಯೆ ಹಾಕಿದ ಪುಸ್ತಕ ಅಂಗಡಿಯಲ್ಲಿದೆಯಾ?

ಒಬ್ಬೊಬ್ಬರೇ ಹೋಗಿ ಕೇಳಿದರೆ ದರ ಜಾಸ್ತಿ, ಬೆಲೆ ಕಮ್ಮಿ. ಆಯಾ ಊರಿನ ವರ್ತಕರ ಸಂಘಗಳು, ಔಷಧ ವ್ಯಾಪಾರಿಗಳು, ಮಂಡಿಯವರು ಹತ್ತಿಪ್ಪತ್ತು ಅಂಗಡಿ ಸೇರಿ ಊರಿನದೇ ಒಬ್ಬ ತಂತ್ರಜ್ಞನ ಜತೆ ಒಂದೇ ಕರಾರು ಮಾಡಿಕೊಂಡರೆ ಸದಾ ಕಾವಲಿನ ಖರ್ಚು ಹಂಚಿಹೋಗುತ್ತೆ. ಡಿಪ್ಲೊಮಾ, ಐಟಿಐ ಮುಗಿಸಿ ಬೆಂಗಳೂರಿನ ಬಸ್ ಹಿಡಿಯೋ ಹುಡುಗ ಹುಡುಗಿಯರಿಗೆ ಊರಲ್ಲೇ ತಿಂಗಳ ಆದಾಯದ ಕೆಲಸವೂ ಆಗುತ್ತೆ.

ಮನೆಗೆ ಬೀಗ ಹಾಕಿ ಊರಿಗೆ ಹೋಗುವಾಗ ಬೀಗದ ಕೈ ಯಾರಿಗೆ ಕೊಟ್ಟಿದ್ದೀವಿ ಅಂತ ಎಲ್ಲರಿಗೂ ನೆನಪಿರುತ್ತೆ, ವಾಪಸ್ ಬಂದ ದಿನ ಇಸ್ಕೊಳ್ಳೋದೂ ನೆನಪಿರುತ್ತೆ. ಅಂಗಡಿ ಕಂಪ್ಯೂಟರ್ ವಿಷಯದಲ್ಲಿ ಎಷ್ಟೋ ಜನ ಕೊಟ್ಟಿದ್ದನ್ನೇ ಮರೆತಿದ್ದಾರೆ. ಮೊದಲು ಆ ಒಂದು ಫೋನ್ ಮಾಡಿ ಕೇಳೋದು ಮೇಲು. ಅದಕ್ಕೆ ದುಡ್ಡೂ ಬೇಡ, ಬೆಂಗಳೂರಿನಿಂದ ಯಾರೂ ಬರೋದೂ ಬೇಡ.